ಗಿಫ್ಟ್ ಅಂದರೆ ಉಡುಗೊರೆ, ಮದುವೆ, ವಿಷ

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯ ಹಿರಿಯರು ಮಾತಿಗೆ ಶುರು ಮಾಡುವುದೇ ಹೀಗೆ. "ದೊಡ್ಡ ಮಗಳನ್ನ ಎಲ್ಲಿಗೆ ಕೊಟ್ಟಿದ್ದೀರಿ?" "ಹಾಸನಕ್ಕೆ ಕೊಟ್ಟಿದ್ದೀವಿ." ಅಷ್ಟೇ. ಇಲ್ಲಿ ಮದುವೆ ಅನ್ನುವ ಪದವೇ ಇಲ್ಲ, ಗಂಡ ಅನ್ನುವ ಪದವೂ ಇಲ್ಲ, ಆದರೂ ಯಾರಿಗೂ ಗೊಂದಲ ಆಗುವುದಿಲ್ಲ. 'ಕೊಡು' ಅನ್ನುವ ಒಂದೇ ಪದ ಪೂರ್ತಿ ಸಂಗತಿ ಹೇಳಿಬಿಡುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಯುರೋಪಿನ ಒಂದು ಪದದ ಕಥೆ ಹೇಳುವುದಿದೆ, ಅದಕ್ಕೆ ಇದೇ ಬೀಗದ ಕೈ.

ಪದ ನಮಗೆಲ್ಲ ಗೊತ್ತಿರುವ ಗಿಫ್ಟ್. ಇಂಗ್ಲಿಷಿನಲ್ಲಿ ಅದು ಉಡುಗೊರೆ. ಈಗ ಕನ್ನಡದಲ್ಲೂ ಅದೇ, ಹುಟ್ಟುಹಬ್ಬಕ್ಕೆ ಯಾರೂ 'ಉಡುಗೊರೆ ತಂದೆ' ಅನ್ನುವುದಿಲ್ಲ, ಗಿಫ್ಟ್ ತಂದೆ ಅಂತಲೇ ಹೇಳುತ್ತಾರೆ. ಅದೇ ಪದವನ್ನು ಅದೇ ನಾಲ್ಕು ಅಕ್ಷರದಲ್ಲಿ ಜರ್ಮನ್ನರೂ ಬರೆಯುತ್ತಾರೆ. ಅವರಿಗೆ ಅದು ವಿಷ. ಇಲಿ ಪಾಷಾಣಕ್ಕೆ ಜರ್ಮನ್ನಿನಲ್ಲಿ ರಾಟನ್‌ಗಿಫ್ಟ್ ಅಂತ ಹೆಸರು, ವಿಷದ ಹಾವು ಗಿಫ್ಟ್‌ಶ್ಲಾಂಗೆ, ವಿಷದ ಅಣಬೆ ಗಿಫ್ಟ್‌ಪಿಲ್ಟ್ಸ್. ಸ್ವೀಡನ್ನಿಗೆ ಹೋದರೆ ಇನ್ನೂ ವಿಚಿತ್ರ. ಅಲ್ಲಿ ಗಿಫ್ಟ್ ಅಂದರೆ ವಿಷವೂ ಹೌದು, 'ಮದುವೆಯಾದವರು' ಅಂತಲೂ ಹೌದು. ಡೆನ್ಮಾರ್ಕ್, ನಾರ್ವೆಯಲ್ಲೂ ಹಾಗೇ. ಡಚ್ಚರು ಮಾತ್ರ ಜಾಣತನದಿಂದ ಎರಡು ಮಾಡಿಕೊಂಡಿದ್ದಾರೆ: ಕೊನೆಯಲ್ಲಿ 'ಟ್' ಇದ್ದರೆ ಕೊಡುಗೆ, ಇಲ್ಲದಿದ್ದರೆ ವಿಷ. ಆದರೆ 'ವಿಷಕಾರಿ' ಅಂತ ಹೇಳಬೇಕಾದಾಗ ಗಿಫ್ಟಿಖ್ ಅನ್ನುತ್ತಾರೆ, ಬಿಟ್ಟ ಟ್ ಅಲ್ಲಿ ವಾಪಸ್ ಬಂದು ಕೂತಿರುತ್ತದೆ.

ಇದನ್ನು ನೋಡಿದ ತಕ್ಷಣ ಅನ್ನಿಸುವುದು, ಇವು ಬೇರೆ ಬೇರೆ ಪದಗಳಿರಬೇಕು, ಸುಮ್ನೆ ಕಾಕತಾಳೀಯವಾಗಿ ಒಂದೇ ಥರ ಕಾಣುತ್ತಿವೆ ಅಂತ. ಹಾಗೆ ಆಗುವುದೂ ಉಂಟು. ನಮ್ಮಲ್ಲಿ ಎಣಿಸುವ 'ಆರು' ಬೇರೆ, ಬಿಸಿ ಆರುವ 'ಆರು' ಬೇರೆ. ಆದರೆ ಗಿಫ್ಟ್ ವಿಷಯದಲ್ಲಿ ಹಾಗಲ್ಲ. ಉಡುಗೊರೆ, ಮದುವೆ, ವಿಷ ಮೂರೂ ಒಂದೇ ತಾಯಿಯ ಮಕ್ಕಳು. ಆ ತಾಯಿ 'ಕೊಡು'.

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಇವೆಲ್ಲ ಜರ್ಮ್ಯಾನಿಕ್ ಅನ್ನುವ ಒಂದು ಕುಟುಂಬದ ಭಾಷೆಗಳು, ನಮ್ಮ ಕನ್ನಡ, ತಮಿಳು, ತೆಲುಗು, ತುಳು ಇದ್ದ ಹಾಗೆ. ಆ ಕುಟುಂಬದಲ್ಲಿ 'ಕೊಡು' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಗಿವ್, ಜರ್ಮನ್ನಿನಲ್ಲಿ ಗೇಬೆನ್. ಅದಕ್ಕೆ ಬಾಲದಲ್ಲಿ ಒಂದು ಟ್ ಸೇರಿಸಿದರೆ 'ಕೊಡುವಿಕೆ' ಅನ್ನುವ ನಾಮಪದ ಆಗುತ್ತದೆ. ಇಂಗ್ಲಿಷಿನ ಡ್ರೈವ್‌ನಿಂದ ಡ್ರಿಫ್ಟ್ ಆಗಿದ್ದೂ ಹೀಗೇ. ನಾವು 'ಗೆ' ಸೇರಿಸಿ ಕೊಡು-ಕೊಡುಗೆ ಮಾಡಿಕೊಂಡೆವು, ಅವರು ಟ್ ಸೇರಿಸಿ ಗಿವ್-ಗಿಫ್ಟ್ ಮಾಡಿಕೊಂಡರು. ಇಲ್ಲಿಯವರೆಗೆ ಎಲ್ಲ ಸಲೀಸು.

ಈಗ ನೋಡಿ, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಹುಟ್ಟುಹಬ್ಬದ ಉಡುಗೊರೆ ಅನ್ನುವ ಅರ್ಥ ಇರಲೇ ಇಲ್ಲ. ಹಳೆಯ ಬರಹಗಳಲ್ಲಿ ಸಿಗುವ ಅರ್ಥ, ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ಹಣ. ನಮ್ಮ ಹಳ್ಳಿಗಳಲ್ಲಿ 'ತೆರ' ಅನ್ನುತ್ತಿದ್ದರಲ್ಲ, ಅದು. ಅದೇ ಪದ ಬಹುವಚನದಲ್ಲಿ ಬಂದರೆ ಮದುವೆ ಅಂತ ಅರ್ಥ. ಅದನ್ನು ಓದುತ್ತಿದ್ದದ್ದೂ ಗಿಫ್ಟ್ ಅಂತಲ್ಲ, 'ಯಿಫ್ಟ್' ಅಂತ. ಈಗಿನ ಗಟ್ಟಿ ಗಕಾರ ಬಂದದ್ದು ವೈಕಿಂಗರಿಂದ. ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ದಂಡೆತ್ತಿ ಬಂದವರು ಇಂಗ್ಲೆಂಡಿನ ಉತ್ತರಕ್ಕೂ ಪೂರ್ವಕ್ಕೂ ಬೇರು ಬಿಟ್ಟರು, ಅಲ್ಲಿಯವರ ಜೊತೆ ಸಂಸಾರ ಮಾಡಿದರು, ಅವರ ಎಷ್ಟೋ ಮಾತುಗಳು ಇಂಗ್ಲಿಷಿಗೆ ಸೇರಿದವು. ಮೊಟ್ಟೆಯ ಎಗ್, ಆಕಾಶದ ಸ್ಕೈ, 'ಅವರು' ಅನ್ನುವ ದೇ, ಎಲ್ಲ ಅವರ ಕೊಡುಗೆ. ಗಿವ್, ಗಿಫ್ಟ್ ಎರಡರ ಗಕಾರವೂ ಅವರದೇ, ಉಡುಗೊರೆ ಅನ್ನುವ ಅರ್ಥ ಬಲವಾದದ್ದೂ ಅವರಿಂದಲೇ.

ತಮಾಷೆಯ ವಿಷಯ ಅಂದರೆ ಆ ಗಕಾರವನ್ನು ಇಂಗ್ಲಿಷಿಗೆ ಕೊಟ್ಟ ನಾರ್ವೆಯವರು ಈಗ ತಮ್ಮ ಮನೆಯಲ್ಲಿ 'ಯಿಫ್ಟ್' ಅನ್ನುತ್ತಾರೆ! ಸ್ವೀಡನ್ನಿನವರೂ ಹಾಗೇ. ಬರೆಯುವುದು ಗ, ಓದುವುದು ಯ.

ಸ್ವೀಡನ್ನಿನ ಮದುವೆಯ ಅರ್ಥ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣನ್ನು ಕೊಡುವುದೇ ಮದುವೆ. ಕೊಟ್ಟ ಹೆಣ್ಣು ಅಂದರೆ ಮದುವೆಯಾದ ಹೆಣ್ಣು. ಹಾಸನಕ್ಕೆ ಕೊಟ್ಟ ಹಾಗೇ. ಮೊದಲು ಇದು ಹೆಣ್ಣಿಗೆ ಮಾತ್ರ ಹೊಂದುವ ಮಾತು, ಕೊಡುತ್ತಿದ್ದದ್ದು ಹೆಣ್ಣನ್ನೇ ಅಲ್ವಾ. ಆಮೇಲೆ ಕೊಡುವ ನೆನಪು ಅಳಿಸಿಹೋಗಿ ಗಂಡಿಗೂ ಅದೇ ಪದ ಬಂತು. ಈಗ ಅಲ್ಲಿ ಗಂಡು ಹೆಣ್ಣು ಇಬ್ಬರೂ 'ಗಿಫ್ಟ್', ಮದುವೆಯಾಗದವರು 'ಊಗಿಫ್ಟ್'. ಕನ್ನಡದಲ್ಲಿ ಈ ಹೆಜ್ಜೆ ಇನ್ನೂ ಆಗಿಲ್ಲ. ಮಗನನ್ನು ಎಲ್ಲಿಗೆ ಕೊಟ್ಟಿದ್ದೀರಿ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಮಗನಿಗೆ ಎಲ್ಲಿಂದ ತಂದಿದ್ದೀರಿ ಅಂತಲೇ ಕೇಳುತ್ತಾರೆ.

ಜರ್ಮನ್ನಿನಲ್ಲೂ ಮದುವೆಯ ಜಾಡು ಪೂರ್ತಿ ಅಳಿದಿಲ್ಲ. ಹೆಣ್ಣಿನ ಜೊತೆ ಕಳಿಸುವ ಬಳುವಳಿಗೆ ಅವರು ಮಿಟ್‌ಗಿಫ್ಟ್ ಅನ್ನುತ್ತಾರೆ. ಮಿಟ್ ಅಂದರೆ ಜೊತೆಗೆ, ಜೊತೆಗೆ ಕೊಟ್ಟದ್ದು ಅಂತ ಅರ್ಥ, ವಿಷಕ್ಕೂ ಇದಕ್ಕೂ ಸಂಬಂಧವಿಲ್ಲ. ಜರ್ಮನ್ನಿನಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ ಇರುತ್ತದೆ. ಬಳುವಳಿಯ ಮಿಟ್‌ಗಿಫ್ಟ್ ಹಳೆಯ ಪದದ ಹಾಗೇ ಸ್ತ್ರೀಲಿಂಗದಲ್ಲಿ ಉಳಿದಿದೆ, ವಿಷದ ಗಿಫ್ಟ್ ನಪುಂಸಕಲಿಂಗಕ್ಕೆ ಹೋಗಿದೆ. ಅರ್ಥ ಬೇರೆಯಾದ ಮೇಲೆ ಭಾಷೆ ಅದಕ್ಕೆ ಬೇರೆ ಅಂಗಿ ಹಾಕಿದೆ.

ಸರಿ, ಮದುವೆ ಅರ್ಥವಾಯಿತು. ವಿಷ ಹೇಗೆ ಬಂತು?

ಇದಕ್ಕೆ ಗ್ರೀಸಿನವರೆಗೆ ಹೋಗಬೇಕು. ಗ್ರೀಕ್ ಭಾಷೆಯಲ್ಲಿ 'ದೋಸಿಸ್' ಅಂದರೆ ಕೊಡುವಿಕೆ. ನಮ್ಮ 'ದಾನ' ಸಂಸ್ಕೃತದಿಂದ ಬಂದದ್ದು, ಅದರ 'ದಾ' ಧಾತುವಿಗೂ ಗ್ರೀಕಿನ ದೋಸಿಸ್‌ಗೂ ಮೂಲ ಒಂದೇ. ಗ್ರೀಕ್ ವೈದ್ಯರು ಒಂದು ಸಲಕ್ಕೆ ಕೊಡುವ ಔಷಧಿಯ ಪ್ರಮಾಣಕ್ಕೆ ದೋಸಿಸ್ ಅನ್ನುತ್ತಿದ್ದರು. ಅದೇ ಲ್ಯಾಟಿನ್ನಿಗೆ ಹೋಯಿತು, ಅಲ್ಲಿಂದ ಫ್ರೆಂಚಿಗೆ, ಇಂಗ್ಲಿಷಿಗೆ, ಕೊನೆಗೆ ಡೋಸ್ ಆಗಿ ನಮ್ಮ ಬಾಯಿಗೂ ಬಂತು. ಜರ್ಮನ್ ನಾಡಿನ ಓದಿದವರು ಲ್ಯಾಟಿನ್ನಿನ ಆ ವೈದ್ಯರ ಪದಕ್ಕೆ ತಮ್ಮ ಭಾಷೆಯಲ್ಲಿ ಸಾಟಿ ಹುಡುಕಿದರು. ದೋಸಿಸ್ ಅಂದರೆ ಕೊಡುವಿಕೆ, ನಮ್ಮಲ್ಲಿ ಕೊಡುವಿಕೆಗೆ ಗಿಫ್ಟ್. ಹೀಗೆ ಗಿಫ್ಟ್‌ಗೆ 'ಒಂದು ಸಲ ಕೊಟ್ಟ ಮದ್ದು' ಅನ್ನುವ ಅರ್ಥ ಸೇರಿಕೊಂಡಿತು.

ಅಲ್ಲಿಂದ ವಿಷಕ್ಕೆ ಒಂದೇ ಹೆಜ್ಜೆ, ಮತ್ತು ಆ ಹೆಜ್ಜೆ ಇಟ್ಟದ್ದು ಭಯ. ವಿಷದಂಥ ವಸ್ತುವಿನ ಹೆಸರು ಹೇಳುವುದಕ್ಕೆ ಯಾವ ಊರಿನಲ್ಲೂ ಜನ ಹಿಂಜರಿಯುತ್ತಾರೆ. ನಮ್ಮಲ್ಲಿ ಹಾವು ಕಚ್ಚಿತು ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, 'ಹುಳ ಮುಟ್ಟಿದೆ' ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ರಷ್ಯಾದವರು ಕರಡಿಗೆ 'ಮೆದ್ವೇದ್' ಅನ್ನುವುದೂ ಇಂಥದ್ದೇ, ಅದರ ಅರ್ಥ ಜೇನು ತಿನ್ನುವವನು. ಅದರ ಮೊದಲ ತುಂಡು ನಮಗೆ ಗೊತ್ತಿರುವ 'ಮಧು'ವಿನ ನಂಟಿನದು, ಕರಡಿಯ ಹಳೆಯ ಹೆಸರನ್ನು ಹೇಳದೆ ಹೇಳದೆ ಮರೆತೇಬಿಟ್ಟರು. ಜರ್ಮನ್ನರು ಹಾಗೇ ಯಾರಿಗೋ ವಿಷ ಹಾಕಿದರು ಅನ್ನುವ ಕಡೆ 'ಕೊಟ್ಟರು' ಅಂದರು, ವಿಷ ಅನ್ನುವ ಕಡೆ 'ಕೊಟ್ಟದ್ದು' ಅಂದರು. ಕೇಳಿದವರಿಗೆ ಅರ್ಥವಾಗುತ್ತಿತ್ತು. ಹಾಗೆ ಮುಚ್ಚಿ ಹೇಳಿ ಹೇಳಿ ಕೊನೆಗೆ ಮುಚ್ಚಳವೇ ಪಾತ್ರೆಯ ಹೆಸರಾಯಿತು. ಉಡುಗೊರೆ ಅನ್ನುವ ಅರ್ಥವನ್ನು ವಿಷದ ಅರ್ಥ ಹೊರಗೆ ತಳ್ಳಿತು. ಉಡುಗೊರೆಗೆ ಜರ್ಮನ್ನರು ಈಗ ಗೆಶೆಂಕ್ ಅನ್ನುತ್ತಾರೆ, ಅದು ಕುಡಿಯಲು ಹೊಯ್ದು ಕೊಡುವುದರಿಂದ ಬಂದ ಪದ. ಸ್ವೀಡನ್ನಿಗೆ ವಿಷದ ಅರ್ಥ ಹೋದದ್ದು ಜರ್ಮನ್ ಕಡೆಯಿಂದ, ಮಧ್ಯಯುಗದಲ್ಲಿ ಬಾಲ್ಟಿಕ್ ಕಡಲಿನ ವ್ಯಾಪಾರವೆಲ್ಲ ಹಾನ್ಸಾ ಅನ್ನುವ ಜರ್ಮನ್ ವರ್ತಕರ ಕೂಟದ ಕೈಯಲ್ಲಿದ್ದಾಗ ಸರಕಿನ ಜೊತೆ ಅವರ ನೂರಾರು ಪದಗಳೂ ಅಲ್ಲಿ ಇಳಿದವು. ಮದುವೆಯ ಗಿಫ್ಟ್ ಅಲ್ಲಿ ಮೊದಲೇ ಇತ್ತು, ಈಗ ವಿಷದ ಗಿಫ್ಟ್ ಬಂದು ಪಕ್ಕದಲ್ಲಿ ಕೂತಿತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಪದ ಡಚ್ಚಿನದು. ಅವರ 'ಫರ್ಖೇವನ್' ಅನ್ನುವ ಕ್ರಿಯಾಪದ, ಇಂಗ್ಲಿಷಿನ ಫರ್ಗಿವ್‌ಗೆ ಅಕ್ಷರಕ್ಕೆ ಅಕ್ಷರ ಸಮ. ಅದರ ಅರ್ಥ ಕ್ಷಮಿಸು. ಆದರೆ ಹಳೆಯ ಡಚ್ಚಿನಲ್ಲಿ ಅದಕ್ಕೇ 'ವಿಷ ಹಾಕು' ಅನ್ನುವ ಅರ್ಥವೂ ಇತ್ತು, ಜರ್ಮನ್ನಿನ ಹಳೆಯ ರೂಪಕ್ಕೂ ಅಷ್ಟೇ. ಕ್ಷಮಿಸುವುದು ಅಂದರೆ ನಮಗೆ ಬರಬೇಕಾದ್ದನ್ನು ಬಿಟ್ಟುಕೊಡುವುದು. ವಿಷ ಹಾಕುವುದು ಅಂದರೆ ಕೆಟ್ಟದ್ದಾಗುವಂತೆ ಕೊಡುವುದು. ಎರಡರಲ್ಲೂ ಇರುವುದು ಕೊಡುವುದೇ.

ಹಾಗಾದರೆ ಗಿಫ್ಟ್ ಬರುವ ಮೊದಲು ಜರ್ಮನ್ನರಿಗೆ ವಿಷಕ್ಕೆ ಪದ ಇರಲಿಲ್ಲವೇ? ಇತ್ತು, ಈಗಲೂ ಇದೆ. 'ಐಟರ್'. ಆದರೆ ಈಗ ಅದರ ಅರ್ಥ ಕೀವು. ಹೊಸಬ ಬಂದು ಜಾಗ ಹಿಡಿದ, ಹಳಬ ಗಾಯದೊಳಗೆ ಸೇರಿಕೊಂಡ. ಐಸ್‌ಲ್ಯಾಂಡಿನವರು ಇವತ್ತಿಗೂ ವಿಷಕ್ಕೆ ಆ ಹಳೆಯ ಪದವನ್ನೇ ಇಟ್ಟುಕೊಂಡಿದ್ದಾರೆ, ಅವರ ರೂಪ 'ಏಟುರ್'. ಡೆನ್ಮಾರ್ಕಿನವರು ಜೇಡಕ್ಕೆ ಎಡ್ಡರ್‌ಕಾಪ್ ಅಂತ ಬರೆಯುತ್ತಾರೆ, ಅದರ ಮೊದಲರ್ಧವೂ ಇದೇ ವಿಷ. ಹಳೆಯ ಇಂಗ್ಲಿಷಿನಲ್ಲಿ ಜೇಡಕ್ಕೆ ಅಟರ್‌ಕಾಪ್ ಅನ್ನುವ ಹೆಸರಿತ್ತು. ಆಮೇಲೆ 'ಅಟರ್' ಬಿದ್ದುಹೋಗಿ 'ಕಾಪ್' ಉಳಿಯಿತು, ಜೇಡರ ಬಲೆಗೆ ಇಂಗ್ಲಿಷಿನವರು ಕಾಬ್‌ವೆಬ್ ಅನ್ನುತ್ತಾರಲ್ಲ, ಅದರ 'ಕಾಬ್' ಆ ಜೇಡವೇ.

ಇನ್ನು ಪ್ಯಾರಸೆಲ್ಸಸ್. 1493ರಿಂದ 1541ರವರೆಗೆ ಇದ್ದ ಸ್ವಿಸ್ ವೈದ್ಯ. ಲ್ಯಾಟಿನ್ನಿನಲ್ಲೇ ಬರೆಯಬೇಕು ಅನ್ನುವ ಕಾಲದಲ್ಲಿ ಜರ್ಮನ್ನಿನಲ್ಲಿ ಬರೆದವನು. ಅವನು 1538ರಲ್ಲಿ ಬರೆದ ಒಂದು ಮಾತನ್ನು ವಿಷಶಾಸ್ತ್ರ ಓದುವವರು ಇಂದಿಗೂ ಮೊದಲ ಪಾಠವಾಗಿ ಓದುತ್ತಾರೆ. ಎಲ್ಲ ವಸ್ತುವೂ ವಿಷವೇ, ವಿಷವಿಲ್ಲದ್ದು ಯಾವುದೂ ಇಲ್ಲ, ಒಂದು ವಸ್ತು ವಿಷವಲ್ಲ ಅಂತ ಮಾಡುವುದು ಅದರ ಪ್ರಮಾಣ ಮಾತ್ರ ಅಂತ ಅದರ ಅರ್ಥ. ಉಪ್ಪಿಗೂ ಇದು ಸತ್ಯ, ನೀರಿಗೂ ಸತ್ಯ. ಆದರೆ ಮೂಲದಲ್ಲಿ ಅವನು ಬಳಸಿದ ಎರಡು ಪದ ನೋಡಿ. ವಿಷಕ್ಕೆ ಗಿಫ್ಟ್. ಪ್ರಮಾಣಕ್ಕೆ ದೋಸಿಸ್. ಒಂದು ಜರ್ಮನ್, ಇನ್ನೊಂದು ಗ್ರೀಕ್, ಎರಡರ ಮೂಲ ಅರ್ಥವೂ 'ಕೊಡುವಿಕೆ'! ಒಂದೇ ಅರ್ಥದಿಂದ ಹೊರಟ ಎರಡು ಪದ ಒಂದೇ ಸಾಲಿನಲ್ಲಿ ಎದುರುಬದುರು ನಿಂತು, ಒಂದು ಇನ್ನೊಂದನ್ನು ಅಳೆಯುತ್ತಿದೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇದು ಜರ್ಮನ್ನರ ವಿಚಿತ್ರ ಅಂದುಕೊಳ್ಳಬೇಡಿ. ನಮ್ಮ 'ಮದ್ದು' ಇದೇ ದಾರಿಯಲ್ಲಿ ನಡೆದಿದೆ. ತಮಿಳಿನ ಮರುಂದು, ತೆಲುಗಿನ ಮಂದು, ತುಳುವಿನ ಮರ್ದ್, ಎಲ್ಲ ಒಂದೇ ಬಳ್ಳಿ. ಕೆಮ್ಮಿಗೆ ಅಜ್ಜಿ ಅರೆದು ಕೊಡುವುದು ಮದ್ದು. ಬಂದೂಕಿಗೆ ತುಂಬುವುದೂ ಮದ್ದು, ಗುಂಡಿನ ಜೊತೆ ಸೇರಿ ಮದ್ದುಗುಂಡು. ದಕ್ಷಿಣ ಕನ್ನಡದ ತೋಟಗಳಲ್ಲಿ ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಅಡಿಕೆ ಗೊನೆಗೆ ಹೊಡೆಯುವುದಕ್ಕೆ 'ಮದ್ದು ಬಿಡುವುದು' ಅನ್ನುತ್ತಾರೆ. 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಅಂದರೆ ಮಾತ್ರ ಕೇಳಿದವರ ಮುಖ ಬದಲಾಗುತ್ತದೆ. ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಕೊಟ್ಟ ವಿಷ ಅದು, ಅದನ್ನು ತೆಗೆಯುತ್ತೇವೆ ಅನ್ನುವವರ ಹತ್ತಿರ ಜನ ಈಗಲೂ ಹೋಗುತ್ತಾರೆ. ಹಳಬರು ಇದಕ್ಕೆ 'ಮದ್ದಿಕ್ಕುವುದು' ಅನ್ನುತ್ತಿದ್ದರು, ಇಕ್ಕುವುದು ಅಂದರೆ ಎಲೆಗೆ ಬಡಿಸುವುದು. ಔಷಧಿ ಅನ್ನುವ ಪದವನ್ನೂ ನಾವು ಬಿಟ್ಟಿಲ್ಲ. ಹೊಲಕ್ಕೆ ಹೊಡೆಯುವ ಕೀಟನಾಶಕ ಔಷಧಿ. ಊರಲ್ಲಿ ಯಾರೋ 'ಔಷಧಿ ಕುಡಿದರು' ಅನ್ನುವ ಸುದ್ದಿ ಬಂದರೆ ಯಾವ ಕಾಯಿಲೆಗೆ ಅಂತ ಯಾರೂ ಕೇಳುವುದಿಲ್ಲ.

ಯುರೋಪಿನ ಉಳಿದ ಭಾಷೆಗಳಿಗೆ ವಿಷದ ಪದ ಬೇರೆ ಬೇರೆ ಕಡೆಯಿಂದ ಬಂದಿದೆ, ಆದರೆ ಹಲವು ಸಲ ಹುಟ್ಟಿದ ಮನೆ ವಿಷದ್ದಲ್ಲ. ಇಂಗ್ಲಿಷಿನ ಪಾಯ್ಸನ್ ಫ್ರೆಂಚಿನದು, ಅದರ ಹಿಂದಿನ ಲ್ಯಾಟಿನ್ ಪದಕ್ಕೆ ಅರ್ಥ ಬರೀ 'ಕುಡಿಯುವಂಥದ್ದು'. ನಮ್ಮ ಪಾನ, ಪಾನಕದ 'ಪಾ' ಅದರ ದೂರದ ನೆಂಟ. ಲ್ಯಾಟಿನ್ನಿನ 'ವೆನೇನಂ' ಇನ್ನೂ ಚೆಂದ. ಸ್ಪ್ಯಾನಿಷಿನ ವೆನೇನೊ, ಇಟಾಲಿಯನ್ನಿನ ವೆಲೇನೊ, ಇಂಗ್ಲಿಷಿನ ವೆನಮ್ ಎಲ್ಲ ಅದರಿಂದಲೇ. ಅದು ಪ್ರೇಮದೇವತೆ ವೀನಸ್ಸಿನ ಹೆಸರಿನ ಜೊತೆ ಹುಟ್ಟಿದ ಪದ, ಮೊದಲಿಗೆ ಒಲಿಸಿಕೊಳ್ಳುವ ಮದ್ದು ಅಂತ ಇದ್ದಿರಬೇಕು. ಸಂಸ್ಕೃತದ 'ವಾಂಛೆ' ಕೂಡ ಆ ಬೇರಿನದೇ. ಎರಡನೇ ಶತಮಾನದ ರೋಮನ್ ಕಾನೂನು ಪಂಡಿತ ಗಾಯಸ್ ಒಂದು ಕಡೆ ಬರೆದಿದ್ದಾನೆ, ವೆನೇನಂ ಅನ್ನುವವರು ಒಳ್ಳೆಯದೋ ಕೆಟ್ಟದ್ದೋ ಅಂತ ಸೇರಿಸಿ ಹೇಳಬೇಕು, ಯಾಕೆಂದರೆ ಔಷಧಿಗಳೂ ವೆನೇನವೇ ಅಂತ. ಯಾರಾದರೂ 'ಮದ್ದು ಕೊಟ್ಟರು' ಅಂದರೆ ನಾವೂ ಅದನ್ನೇ ಕೇಳಬೇಕಾಗುತ್ತದೆ, ಅಲ್ವಾ?

ಗ್ರೀಕರ 'ಫಾರ್ಮಕಾನ್' ಕೂಡ ಹಾಗೇ, ಔಷಧಿ, ವಿಷ, ಮಾಟದ ಮದ್ದು ಮೂರಕ್ಕೂ ಒಂದೇ ಪದ, ಫಾರ್ಮಸಿ ಅದರಿಂದ ಬಂತು. ಅವರು ಬಾಣದ ತುದಿಗೆ ಹಚ್ಚುವ ವಿಷಕ್ಕೆ 'ತೋಕ್ಸಿಕಾನ್ ಫಾರ್ಮಕಾನ್' ಅನ್ನುತ್ತಿದ್ದರು. ತೋಕ್ಸಾನ್ ಅಂದರೆ ಬಿಲ್ಲು, ಬಿಲ್ಲಿನ ಮದ್ದು ಅಂತ. ಕಾಲ ಕಳೆದ ಹಾಗೆ ಮದ್ದು ಅನ್ನುವ ಭಾಗ ಉದುರಿಹೋಯಿತು, ಬಿಲ್ಲು ಉಳಿಯಿತು. ಇವತ್ತು ಯಾರನ್ನಾದರೂ ಟಾಕ್ಸಿಕ್ ಅಂದಾಗ ನಾವು ಅಕ್ಷರಶಃ ಹೇಳುತ್ತಿರುವುದು 'ಬಿಲ್ಲಿನವನು' ಅಂತ, ವಿಷದ ಸುಳಿವೇ ಆ ಪದದಲ್ಲಿಲ್ಲ. ರಷ್ಯನ್ನರ 'ಅತ್ರಾವ' ಹುಲ್ಲು ಅನ್ನುವ 'ತ್ರಾವ'ದ ಕುಟುಂಬದ್ದು. ಹಂಗೇರಿಯವರ 'ಮೇರೆಗ್' ಅಂದರೆ ವಿಷ, ಕೋಪ ಎರಡೂ.

ಇಷ್ಟರಲ್ಲಿ ಒಂದು ಪದ ಮಾತ್ರ ಮೊದಲಿಂದಲೂ ವಿಷವಾಗೇ ಇತ್ತು. ಸಂಸ್ಕೃತದಲ್ಲಿ ವಿಷ, ಗ್ರೀಕಿನಲ್ಲಿ ಈಯೋಸ್, ಲ್ಯಾಟಿನ್ನಿನಲ್ಲಿ ವೀರುಸ್. ಮೂರೂ ಒಂದೇ ಪದ, ಲ್ಯಾಟಿನ್ನಿನಲ್ಲಿ ನಡುವಿನ ಸಕಾರ ರಕಾರವಾಗಿದೆ ಅಷ್ಟೇ. 1898ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ತಂಬಾಕು ಎಲೆಯ ರೋಗದ ಹಿಂದೆ ಬಿದ್ದಿದ್ದ. ರೋಗ ಬಂದ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಜರಡಿಯಲ್ಲಿ ಸೋಸಿದರೂ ಅದು ಹೊಸ ಗಿಡಕ್ಕೆ ರೋಗ ಅಂಟಿಸುತ್ತಿತ್ತು. ಕಣ್ಣಿಗೆ ಕಾಣದ, ಸೋಸಿದರೂ ಹೋಗದ ಆ ವಸ್ತುವಿಗೆ ಅವನು ವೈರಸ್ ಅನ್ನುವ ಹಳೆಯ ಪದವನ್ನೇ ಬಳಸಿದ.

2021ರಲ್ಲಿ ನಮ್ಮೂರುಗಳಲ್ಲಿ ಲಸಿಕೆ ಹಾಕಿಸಿಕೊಳ್ಳಲು ಸರದಿಯಲ್ಲಿ ನಿಂತಾಗ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ. "ನಿಮ್ಮದು ಎಷ್ಟು ಡೋಸ್ ಆಯ್ತು?" ವೈರಸ್ಸಿಗೆ ಡೋಸ್. ಒಂದು ನಮ್ಮ ವಿಷದ ನೆಂಟ, ಇನ್ನೊಂದು ನಮ್ಮ ದಾನದ ನೆಂಟ.